ಅಂಚೆಯ ಪಿಕಪ್ಪಿನ ಹಿಂದಿನರ್ಧ

ಮಾಂಟಾನಾದ ಪೂರ್ವದ ಗೋಧಿ ಬಯಲಲ್ಲಿ ಮೂವತ್ತು ವರ್ಷ ಮನೆಮನೆಗೆ ಅಂಚೆ ಹಾಕಿದ್ದ ಆರ್ಡಿಸ್ ಟೆಸ್ಡಾಲ್, ನಿವೃತ್ತಳಾದ ಮೇಲೆ ಹತ್ತು ಹನ್ನೆರಡು ಕುರಿ ಸಾಕಿಕೊಂಡಿದ್ದಳು. ಅವಕ್ಕೆ ಹುಲ್ಲು ತರಲು ಕಾರಿನ ಹಿಂದೆ ಕಟ್ಟುವ ಒಂದು ಟ್ರೈಲರ್ ಬೇಕಿತ್ತು. ಕೊಟ್ಟಿಗೆಯ ಹಿಂದೆ, ಅವಳು ಅಂಚೆ ಹಂಚುತ್ತಿದ್ದ ಹಳೆಯ ಹಸಿರು ಪಿಕಪ್ ನಿಂತಿತ್ತು. ಎಂಜಿನ್ ಸತ್ತು ಆರು ವರ್ಷವಾಗಿತ್ತು, ಮುಂದೆ ಕೂರುವ ಕ್ಯಾಬಿನ ತಳ ತುಕ್ಕು ಹಿಡಿದು ನೆಲ ಕಾಣುತ್ತಿತ್ತು. ಸಾಮಾನು ಹೇರುವ ಹಿಂಭಾಗ ಮಾತ್ರ ಅಚ್ಚು, ಚಕ್ರಗಳ ಸಮೇತ ಗಟ್ಟಿಮುಟ್ಟಾಗಿತ್ತು. ಗುಜರಿಗೆ ಹಾಕು ಎಂದವರಿಗೆಲ್ಲ ಹೂಂ ಅಂದಳು, ಹಾಕಲಿಲ್ಲ. 2006ರ ಏಪ್ರಿಲಿನ ಒಂದು ಬೆಳಿಗ್ಗೆ, ಆ ಹಿಂಭಾಗವನ್ನೇ ಟ್ರೈಲರ್ ಮಾಡಿಕೊಡು ಎಂದು ವೆಂಡೆಲನಿಗೆ ಫೋನು ಮಾಡಿದಳು.

ಸುತ್ತ ಮೂವತ್ತು ಮೈಲಿಯಲ್ಲಿ ನೆಚ್ಚಬಹುದಾದ ವೆಲ್ಡರ್ ಅವನೊಬ್ಬನೇ. ಒಂದು ಕಾಲಕ್ಕೆ ಅವಳ ಗಂಡನಾಗಿದ್ದವನೂ ಅವನೇ. 1968ರಲ್ಲಿ, ಮದುವೆಯಾದ ತಿಂಗಳೇ, ಇಬ್ಬರೂ ಸೇರಿ ಆ ಪಿಕಪ್ ಕೊಂಡಿದ್ದರು. ಏಳು ವರ್ಷದ ಮೇಲೆ ಅವನು ಕಚ್ಚಾ ಎಣ್ಣೆಯ ಪೈಪು ಬೆಸೆಯಲು ಅಲಾಸ್ಕಾಕ್ಕೆ ಹೋದ. ಒಂದು ಚಳಿಗಾಲ ಎಂದು ಹೋದವನಿಗೆ ಮೂರು ವರ್ಷ ಹಿಡಿಯಿತು. ವಿಚ್ಛೇದನದಲ್ಲಿ ಪಿಕಪ್ ಅವಳ ಪಾಲಿಗೆ ಬಂತು. ಅವನು ಮರಳಿ ಬಂದು ಊರಾಚೆ ಶೆಡ್ ಹಾಕಿಕೊಂಡರೂ, ಚರ್ಚಿನ ಬಾಗಿಲಲ್ಲಿ ತಲೆಯಾಡಿಸುವುದು ಬಿಟ್ಟರೆ ಇಪ್ಪತ್ತೆಂಟು ವರ್ಷ ಇಬ್ಬರಿಗೂ ಮಾತಿರಲಿಲ್ಲ.

ವೆಂಡೆಲ್ ಬಂದು ಪಿಕಪ್ಪಿಗೆ ಎರಡು ಸುತ್ತು ಹಾಕಿದ. ಅಡಿಯ ಕಬ್ಬಿಣವನ್ನು ಸುತ್ತಿಗೆಯಿಂದ ತಟ್ಟಿ ನೋಡಿದ. ಕ್ಯಾಬಿನ ಹಿಂದೆ ಸೀಮೆಸುಣ್ಣದ ಗೆರೆ ಎಳೆದು, "ಇಲ್ಲಿ ಕೊಯ್ದರೆ ಎರಡು ತುಂಡಾಗುತ್ತೆ. ಆಮೇಲೆ ಬೇಡ ಅಂದ್ರೆ ಆಗಲ್ಲ," ಅಂದ.

"ಎರಡು ತುಂಡು ಮಾಡೋದು ನಿಂಗೇನು ಹೊಸದಾ? ಕೊಯ್ಯಿ," ಅಂದಳು ಆರ್ಡಿಸ್.

ಅವನು ಹಣೆಯ ಮೇಲಿದ್ದ ಕಪ್ಪು ಕನ್ನಡಕವನ್ನು ಕಣ್ಣಿಗೆ ಇಳಿಸಿ ಗ್ಯಾಸು ಹಚ್ಚಿದ.

ಮಧ್ಯಾಹ್ನಕ್ಕೆ ಕ್ಯಾಬು ಬೇರೆಯಾಗಿ ಮರದ ದಿಮ್ಮಿಗಳ ಮೇಲೆ ಕುಳಿತಿತ್ತು. ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುತ್ತ ವೆಂಡೆಲ್, ತನಗೆ ಎಂದೂ ಅರ್ಥವಾಗದ ಒಂದು ವಿಷಯ ಕೇಳಿದ. ಮನೆಮನೆಯ ಅಂಚೆ ಡಬ್ಬಿಗಳೆಲ್ಲ ರಸ್ತೆಯ ಬಲಕ್ಕೆ, ಸ್ಟಿಯರಿಂಗ್ ಎಡಕ್ಕೆ. ಒಬ್ಬಳೇ ಹೇಗೆ ನಿಭಾಯಿಸಿದೆ?

ಆರ್ಡಿಸ್ ದಿಮ್ಮಿಗಳ ಮೇಲಿದ್ದ ಕ್ಯಾಬು ಹತ್ತಿ ಬಲಗಡೆ ಕುಳಿತಳು. ಎಡಗಾಲು ಚಾಚಿ ಪೆಡಲಿನ ಮೇಲಿಟ್ಟಳು, ಎಡಗೈಯಲ್ಲಿ ಸ್ಟಿಯರಿಂಗ್ ಹಿಡಿದಳು, ಬಲಗೈಯನ್ನು ಕಿಟಕಿಯಿಂದ ಆಚೆ ನೀಡಿದಳು. ಇದು ಹೌಗನ್ ಮುದುಕಿಯ ಡಬ್ಬಿ. ಕ್ರಿಸ್‌ಮಸ್ಸಿಗೆ ಅದರಲ್ಲಿ ಆರ್ಡಿಸಳಿಗೆಂದೇ ಬಿಸ್ಕತ್ತು ಇರುತ್ತಿತ್ತು. ಇದು ಸ್ಟ್ರಾಂಡ್ ಅಕ್ಕತಂಗಿಯರದು. ಫೆಬ್ರವರಿಯ ಹಿಮದಲ್ಲೂ ಬೀಜದ ಕಂಪನಿಯ ಬೆಲೆಪಟ್ಟಿಯ ಪುಸ್ತಕಕ್ಕೆ ಕಾಯುತ್ತ ರಸ್ತೆಗೇ ಬಂದು ನಿಂತಿರುತ್ತಿದ್ದರು. ಹೀಗೆ ಒಂದೊಂದು ಹೆಸರಿಗೂ ಕೈ ಆಚೆ ಹೋಗಿ ಒಳಗೆ ಬಂತು. ಅರ್ಧಕ್ಕರ್ಧ ಮನೆಗಳು ಈಗ ಇಲ್ಲ, ಗಾಳಿಗೆ ಅಡ್ಡವಾಗಿ ನೆಟ್ಟ ಮರಗಳ ಸಾಲುಗಳಷ್ಟೇ ಉಳಿದಿವೆ. ವೆಂಡೆಲ್ ತಿನ್ನುವುದನ್ನು ಬಿಟ್ಟು ಕೇಳಿಸಿಕೊಂಡ.

"ದಿನಾ ಬೆಳಿಗ್ಗೆ ಅಂಚೆ ವಿಂಗಡಿಸ್ತಿದ್ದವಳು ನಾನೇ," ಅಂದಳು ಅವಳು, ಮುಂದೆ ನೋಡುತ್ತಲೇ. "ಅಲಾಸ್ಕಾದ ಮುದ್ರೆ ಹುಡುಕ್ತಿದ್ದೆ. ಮೂರು ವರ್ಷದಲ್ಲಿ ನಾಲ್ಕು ಕಾಗದ ಬಂದವು. ಅದರಲ್ಲೂ ಒಂದು ವಕೀಲಂದು."

"ನಂಗೆ ಬರೆಯೋಕೆ ಬರ್ತಿರಲಿಲ್ಲ."

"ಮದುವೆಗೆ ಮುಂಚೆ ಬರ್ತಿತ್ತಲ್ಲ."

ವೆಂಡೆಲ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ತಪ್ಪಾಯ್ತು, ಆರ್ಡಿಸ್," ಅಂದ.

ಅವಳು ಕಾಫಿ ಇನ್ನೂ ಬೇಕೇ ಎಂದು ಕೇಳಿ, ಇಳಿದು ಮನೆಯೊಳಗೆ ಹೋದಳು.

ಮುಂದಿನ ಎರಡು ವಾರ ಅವನು ದಿನವೂ ಬಂದ. ಮುಂದಕ್ಕೆ ಎತ್ತಿನ ಗಾಡಿಗಿರುವಂಥ ಕಬ್ಬಿಣದ ಮೂಕಿ ಬೆಸೆದ, ಅದರ ತುದಿಗೆ ಕಾರಿಗೆ ಸಿಕ್ಕಿಸುವ ಕೊಂಡಿ, ಅದು ಕಳಚಿದರೂ ಹಿಡಿದುಕೊಳ್ಳಲು ಎರಡು ಸರಪಳಿ, ಹಿಂದೆ ದೀಪಗಳು. ಬಣ್ಣ ಮಾತ್ರ ಬಳಿಯಬೇಡ ಎಂದಳು. ಅದೇ ಹಸಿರು ಇರಲಿ.

ಮನೆಯಲ್ಲೇ ಮಾಡಿದ ಟ್ರೈಲರಿಗೆ ನಂಬರು ಕೊಡುವ ಮುಂಚಿನ ತಪಾಸಣೆಗೆ ಬಂದ ಪೊಲೀಸಿನವನು ಸರಪಳಿ ಎಳೆದು ನೋಡಿ, ಎಡಕ್ಕೆ ತಿರುಗುವ ದೀಪ ಹಾಕಲು ಕಾರಿನಲ್ಲಿದ್ದ ಆರ್ಡಿಸಳಿಗೆ ಹೇಳಿದ. ಬಲಗಡೆಯದು ಮಿಣುಕಿತು.

"ಅಮ್ಮಾ, ಎಡಕ್ಕೆ ಅಂದೆ."

"ನಾನು ಎಡಕ್ಕೇ ಹಾಕಿದ್ದು. ಇವನನ್ನ ಕೇಳಿ."

ವೆಂಡೆಲ್ ಕೆಂಪಗಾಗಿ, ಬಗ್ಗಿ ಎರಡು ವೈರು ಅದಲುಬದಲು ಮಾಡಿದ.

ಕಾಗದದಲ್ಲಿ ತಯಾರಾದ ವರ್ಷದ ಕಡೆ ಪೊಲೀಸಿನವನು 2006 ಎಂದು ಬರೆದಾಗ ಆರ್ಡಿಸ್ ತಡೆದಳು. ಇದು ಅರವತ್ತೆಂಟರದು, ಕೊಂಡ ದಿನ ತಾನೇ ಅಲ್ಲಿದ್ದೆ ಎಂದಳು. ಪಿಕಪ್ ಅರವತ್ತೆಂಟರದು ನಿಜ, ಟ್ರೈಲರ್ ಆದದ್ದು ಈ ವರ್ಷ, ಕಾನೂನು ಹಾಗಿದೆ ಎಂದು ಅವನು ತಾಳ್ಮೆಯಿಂದಲೇ ವಿವರಿಸಿದ. ಅವಳು ಒಪ್ಪಲು ತಯಾರಿರಲಿಲ್ಲ.

"ಬರ್ಕೊಳ್ಳಲಿ ಬಿಡು," ಅಂದ ವೆಂಡೆಲ್ ಮೆಲ್ಲಗೆ. "ಅರವತ್ತೆಂಟು ನಮಗೆ ಗೊತ್ತಲ್ಲ, ಸಾಕು."

ಅವಳು ಸಹಿ ಹಾಕಿದಳು. ಹೊಸ ನಂಬರಿನ ತಗಡನ್ನು ವೆಂಡೆಲ್ ಮೂಕಿಗೆ ರಿವೆಟ್ ಹೊಡೆದ.

ಜೂನಿನಲ್ಲಿ ಮೊದಲ ಹುಲ್ಲು ತರಲು ಇಬ್ಬರೂ ಹೋದರು. ಪಿಂಡಿ ಹೇರಿದವನು ವೆಂಡೆಲ್. ಹೆದ್ದಾರಿಯಲ್ಲಿ ವೇಗ ಹೆಚ್ಚಿಸಿದ್ದೇ ಟ್ರೈಲರ್ ಹಿಂದೆ ಓಲಾಡತೊಡಗಿತು. ಆರ್ಡಿಸ್ ನಿಧಾನಕ್ಕೆ ಪಕ್ಕಕ್ಕೆ ತಂದು ನಿಲ್ಲಿಸಿ, ಭಾರ ಮುಂದಿರಬೇಕೆಂಬುದೂ ಗೊತ್ತಿಲ್ಲದ ಇವನನ್ನು ಅಲಾಸ್ಕಾದಲ್ಲಿ ಹೇಗೆ ಇಟ್ಟುಕೊಂಡರೋ ಎಂದು ಬೈದಳು. ಇಬ್ಬರೂ ಬೆವರು ಸುರಿಸಿ ಪಿಂಡಿಗಳನ್ನು ಮುಂದಕ್ಕೆ ಸರಿಸಿದರು. ಮನೆಯವರೆಗೂ ಟ್ರೈಲರ್ ಸದ್ದಿಲ್ಲದೆ ಹಿಂಬಾಲಿಸಿತು.

ಮುಂದಿನ ಶನಿವಾರ ಅವಳು ಕರೆದಿರಲಿಲ್ಲ. ಆದರೂ ವೆಂಡೆಲ್ ಕೈಗವಸು ಹಿಡಿದು ಗೇಟಿನ ಬಳಿ ನಿಂತಿದ್ದ. ಆರ್ಡಿಸ್ ಕಾರು ನಿಲ್ಲಿಸಿ, ಪಕ್ಕದ ಸೀಟಿನ ಮೇಲಿದ್ದ ತನ್ನ ಕೈಚೀಲ ತೆಗೆದು ಹಿಂದಕ್ಕಿಟ್ಟಳು.