ಚರಂಡಿ ಕಲ್ಲು ಹೇಳಿದ ವಿಳಾಸ

ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತೊಂದು ನಿಮಿಷಕ್ಕೆ ನಾನು ಚಾಮರಾಜಪೇಟೆ ಅಜ್ಜಿಯ ಕರೆಯನ್ನು ಪ್ರಸಾರದ ಲೈನಿಗೆ ಬಿಟ್ಟೆ. ಅಜ್ಜಿ ಎರಡು ಮಾತಾಡಿ, “ಒಂದ್ನಿಮಿಷ ಇರಿ, ಅಡುಗೆಮನೆಯಿಂದ ಏನೋ ಗ್ಯಾಸ್ ವಾಸನೆ ಬರ್ತಿದೆ” ಎಂದು ರಿಸೀವರ್ ಕೆಳಗಿಟ್ಟು ಹೋದರು.

ಬಸವನಗುಡಿಯ ಹಳೆಯ ಮನೆಯೊಂದರ ಮಹಡಿಯಲ್ಲಿ ನಮ್ಮ ಪುಟ್ಟ ರೇಡಿಯೋ ಕೇಂದ್ರವಿತ್ತು. ಒಂಬತ್ತರಿಂದ ಹತ್ತರವರೆಗೆ ಕೇಳುಗರು ಫೋನ್ ಮಾಡಿ ಮಾತನಾಡುವ ಕಾರ್ಯಕ್ರಮ. ಕಸದ ಗಾಡಿಯಿಂದ ಶುರುವಾದ ಮಾತು ಹತ್ತು ನಿಮಿಷದಲ್ಲಿ ದೆಹಲಿ ತಲುಪಿರುತ್ತಿತ್ತು. ಕರೆ ತೆಗೆದುಕೊಂಡು, ವಿಷಯ ಕೇಳಿ, ಸರದಿಯಲ್ಲಿ ಕಾಯಿಸುವುದು ನನ್ನ ಕೆಲಸ. ಹೆಸರು, ವಿಳಾಸ ಕೇಳುತ್ತಿರಲಿಲ್ಲ. ಏರಿಯಾ ಹೇಳಿದರೆ ಸಾಕಿತ್ತು. ಹೆಸರಿಲ್ಲದ್ದರಿಂದಲೇ ಜನ ಅಷ್ಟು ಧೈರ್ಯವಾಗಿ ಜಗಳವಾಡುತ್ತಿದ್ದರು.

ಅಜ್ಜಿಯ ಖಾಯಂ ಎದುರಾಳಿ ಹನುಮಂತನಗರದ ನಿವೃತ್ತ ಗಣಿತದ ಮೇಷ್ಟ್ರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ.

“ದೆಹಲಿ ವಿಚಾರ ನಿಮಗೇನ್ ಗೊತ್ತು ಅಜ್ಜೀ?” ಎಂದು ಮೇಷ್ಟ್ರು ಕೆಣಕುತ್ತಿದ್ದರು.

“ನಿಮಗೆ ಗೊತ್ತಿರೋಷ್ಟು ನನಗೂ ಗೊತ್ತು ಮೇಷ್ಟ್ರೇ, ಇಬ್ರೂ ಓದೋದು ಅದೇ ಪೇಪರ್ರು. ಮೊದಲು ನಮ್ಮನೆ ಮುಂದಿನ ಚರಂಡಿ ಕಲ್ಲು ಹಾಕಿಸಿ ಅಂತ ನಿಮ್ಮ ಪಾರ್ಟಿಯವ್ರಿಗೆ ಹೇಳಿ, ಆಮೇಲೆ ದೇಶ ಉದ್ಧಾರ ಮಾಡೋರಂತೆ.”

ದರ್ಶಿನಿ ಹೋಟೆಲುಗಳಲ್ಲಿ ಕಾಫಿ ಕುಡಿಯುತ್ತ ಜನ ಇದನ್ನು ಕೇಳಿ ನಗುತ್ತಿದ್ದರು. ಆ ಜಗಳ ಚೆನ್ನಾಗಿ ಬರಲೆಂದು ನಾನೊಂದು ಉಪಾಯ ಮಾಡಿಕೊಂಡಿದ್ದೆ. ಅಜ್ಜಿ ಎಷ್ಟು ಬೇಗ ಫೋನ್ ಮಾಡಿದರೂ ಮೇಷ್ಟ್ರ ಮಾತು ಮುಗಿಯುವವರೆಗೆ ಕಾಯಿಸಿ, ಆಮೇಲೆ ಬಿಡುತ್ತಿದ್ದೆ. ಅಂದೂ ಹಾಗೇ ಮಾಡಿದೆ. ಹದಿನೈದು ನಿಮಿಷ ಕಾಯಿಸಿದೆ. ಅಜ್ಜಿ ಒಲೆಯ ಮೇಲಿಟ್ಟಿದ್ದ ಹಾಲು ಆ ಹೊತ್ತಿನಲ್ಲಿ ಉಕ್ಕಿ, ಉರಿ ಆರಿಹೋಗಿತ್ತು. ಸರದಿ ತಪ್ಪೀತೆಂದು ಅಜ್ಜಿ ಫೋನು ಬಿಟ್ಟು ಎದ್ದಿರಲಿಲ್ಲ.

ಕುಕ್ಕರ್ ಇಳಿಸಿ ಬರ್ತೀನಿ, ಬಾಗಿಲಲ್ಲಿ ಸೊಪ್ಪಿನವಳು ಬಂದಿದಾಳೆ ಎಂದೆಲ್ಲ ಹೇಳಿ ಮಾತಿನ ಮಧ್ಯೆ ಎದ್ದುಹೋಗುವವರು ನಮಗೆ ಹೊಸಬರಲ್ಲ. ನಿರೂಪಕರು ನಕ್ಕು, “ಅಜ್ಜಿ ಒಲೆ ಆರಿಸಿ ಬರ್ಲಿ, ಅಲ್ಲೀವರೆಗೂ ಒಂದು ಹಾಡು ಕೇಳೋಣ” ಎಂದರು. ಹಾಡು ಶುರುವಾಯಿತು. ಆದರೆ ಲೈನ್ ನನ್ನ ಹೆಡ್‌ಫೋನಿನಲ್ಲಿ ತೆರೆದೇ ಇತ್ತು. ಪಾತ್ರೆ ಬಿದ್ದ ಸದ್ದು. ಅದರ ಹಿಂದೆಯೇ ಯಾರೋ ಧಡ್ ಎಂದು ಬಿದ್ದ ಸದ್ದು. ಆಮೇಲೆ ಕೆಮ್ಮು. ಪಾತ್ರೆಯೊಂದೇ ಬಿದ್ದಿರಬೇಕು ಎಂದುಕೊಂಡು ಹಾಡಿನ ಅರ್ಧದವರೆಗೂ ಸುಮ್ಮನೆ ಕೂತಿದ್ದೆ. ನನ್ನನ್ನು ನಾನು ಕ್ಷಮಿಸಿಕೊಳ್ಳಲಾಗದಿದ್ದದ್ದು ಆ ಅರ್ಧ ಹಾಡಿಗಾಗಿಯೇ.

“ಸರ್, ಅವರು ಬಿದ್ದಿದಾರೆ. ಗ್ಯಾಸ್ ಆನ್ ಇದೆ” ಎಂದೆ. ನಿರೂಪಕರು ಒಂದು ಕೈಯಲ್ಲಿ ಹಾಡು ನಿಲ್ಲಿಸಿ, ಇನ್ನೊಂದು ಕೈಯಲ್ಲಿ ಅಗ್ನಿಶಾಮಕದವರಿಗೆ ಫೋನ್ ಹಚ್ಚಿದರು. “ಮನೆ ಎಲ್ಲಿ?” ಎಂದು ಅವರು ಕೇಳಿದರು. ಎರಡು ವರ್ಷ ದಿನಾ ಮಾತಾಡಿಸಿದವರ ಫೋನ್ ನಂಬರ್ ಇತ್ತು, ಮನೆ ಗೊತ್ತಿರಲಿಲ್ಲ.

ಅದುವರೆಗೆ ಒಮ್ಮೆಯೂ ಮಾತಾಡದ ಮೈಕಿನಲ್ಲಿ ನಾನು ಕೂಗಿದೆ: “ಚಾಮರಾಜಪೇಟೆ ಅಜ್ಜಿ ಮನೆ ಯಾರಿಗಾದ್ರೂ ಗೊತ್ತಾ? ಮನೇಲಿ ಗ್ಯಾಸ್ ತುಂಬ್ತಿದೆ.”

ಮೊದಲು ಬಂದ ಕರೆ ಮೇಷ್ಟ್ರದು. “ಎಂಥಾ ಜನಾರೀ ನೀವು! ಎರಡು ವರ್ಷದಿಂದ ಆಯಮ್ಮ ದಿನಾ ಹೇಳ್ತಿಲ್ವೇನ್ರೀ? ಐದನೇ ಮೇನ್ ರೋಡು, ಹಿಟ್ಟಿನ ಗಿರಣಿ ಎದುರು, ಗೇಟ್ ಪಕ್ಕ ಟ್ರಾನ್ಸ್‌ಫಾರ್ಮರ್ರು, ಮುಂದೆ ಒಡೆದಿರೋ ಚರಂಡಿ ಕಲ್ಲು. ಇನ್ನೇನ್ ಬೇಕು?”

ಅಜ್ಜಿಯ ಅಷ್ಟೂ ದೂರುಗಳನ್ನು ಅವರು ಒಂದೂ ಬಿಡದೆ ನೆನಪಿಟ್ಟುಕೊಂಡಿದ್ದರು. ನಾನು ಅದನ್ನೇ ಮೈಕಿನಲ್ಲಿ ಮತ್ತೆ ಮತ್ತೆ ಹೇಳಿದೆ. “ಬೆಲ್ ಒತ್ತಬೇಡಿ, ಸ್ವಿಚ್ ಮುಟ್ಟಬೇಡಿ, ಕಿಟಕಿ ತೆಗೀರಿ.” ಅಜ್ಜಿಯ ಹಜಾರದ ರೇಡಿಯೋದಿಂದ ನನ್ನದೇ ದನಿ ನನ್ನ ಕಿವಿಗೆ ವಾಪಸ್ಸು ಬರುತ್ತಿತ್ತು. ಅದರ ಸಂದಿನಲ್ಲಿ ಕೆಮ್ಮು. ಕೊನೆಗೆ ಕೆಮ್ಮೂ ನಿಂತಿತು.

ಆಮೇಲೆ ಚಪ್ಪಲಿ ಸದ್ದು, ಜಾಲರಿ ಬಾಗಿಲು ಕಿತ್ತುಬಂದ ಸದ್ದು. “ಅಜ್ಜೀ, ಅಜ್ಜೀ!” ಗಿರಣಿ ಪಕ್ಕದಲ್ಲಿ ಇಸ್ತ್ರಿ ಮಾಡುವವರು ತಳ್ಳುಗಾಡಿಯಲ್ಲಿ ನಮ್ಮ ಕಾರ್ಯಕ್ರಮವನ್ನೇ ಕೇಳುತ್ತಿದ್ದರಂತೆ. ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಕೈಯಲ್ಲೇ ಹಿಡಿದು ಅರ್ಧ ರಸ್ತೆ ಓಡಿ, ಥಟ್ಟನೆ ಹೊಳೆದು, ಹಿಂದಕ್ಕೆ ಹೋಗಿ ಅದನ್ನಿಟ್ಟು ಬಂದೆ ಎಂದು ಆಮೇಲೆ ಹೇಳಿದರು. ರಾತ್ರಿಗಳಲ್ಲಿ ನನ್ನನ್ನು ಎಬ್ಬಿಸುತ್ತಿದ್ದದ್ದು ಆ ಪೆಟ್ಟಿಗೆ. ಕನಸಿನಲ್ಲಿ ಅವರು ಹಿಂದಿರುಗಿ ಹೋಗುತ್ತಿರಲಿಲ್ಲ.

ಇಸ್ತ್ರಿಯವರೇ ಗ್ಯಾಸ್ ಬಂದ್ ಮಾಡಿ ಅಜ್ಜಿಯನ್ನು ಹೊರಗೆ ಎತ್ತಿ ತಂದರು. ಅಜ್ಜಿ ಚೆಲ್ಲಿದ ಹಾಲಿನಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಒಂದು ಭಾನುವಾರ, ಮೂಸಂಬಿ ಹಿಡಿದು ನೋಡಲು ಹೋದೆ. ಅವರ ಮುಖ ನೋಡಿದ್ದು ಅದೇ ಮೊದಲು. ದನಿಗಿಂತ ತೀರಾ ಸಣ್ಣ ದೇಹ. ಕೂರುವ ಮೊದಲೇ ಹೇಳಿಬಿಟ್ಟೆ: “ಅಜ್ಜಿ, ನಿಮ್ಮನ್ನ ಬೇಕು ಅಂತಲೇ ಕಾಯಿಸಿದ್ದು ನಾನು. ಜಗಳ ಚೆನ್ನಾಗಿರತ್ತೆ ಅಂತ.”

“ಅದು ನನಗೆ ಗೊತ್ತಿರ್ಲಿಲ್ವೇನಮ್ಮ? ಯಾವತ್ತು ಮೇಷ್ಟ್ರಿಗಿಂತ ಮುಂಚೆ ನನ್ನ ಬಿಟ್ಟಿದೀಯ? ಹೇಗೂ ಟೈಮ್ ಇರತ್ತಲ್ಲ ಅಂತಲೇ ನಾನು ಹಾಲಿಟ್ಟು ಬಂದಿದ್ದು.” ಮೂಸಂಬಿ ಚೀಲ ಪಕ್ಕಕ್ಕೆ ಸರಿಸಿ, “ಇನ್ಮೇಲೆ ಹಾಗೆ ಯಾರನ್ನೂ ಕಾಯಿಸಬೇಡ” ಎಂದರು.

“ಇಲ್ಲ ಅಜ್ಜಿ.”

“ಸರಿ, ಅವತ್ತು ಮೇಷ್ಟ್ರು ಬಜೆಟ್ ಬಗ್ಗೆ ಕೊನೇಲಿ ಏನಂದ್ರು? ನಂಗೆ ಸರಿಯಾಗಿ ಕೇಳಿಸ್ಲಿಲ್ಲ.”

ಹೇಳಿದೆ. ಅಜ್ಜಿ ದಿಂಬಿಗೆ ಮೊಣಕೈ ಊರಿ ಎದ್ದು ಕೂರಲು ನೋಡಿದರು. ಆಗಲಿಲ್ಲ. ಮಲಗಿದಲ್ಲಿಂದಲೇ ಮುಕ್ಕಾಲು ಗಂಟೆ ಉತ್ತರ ಕೊಟ್ಟರು. ನಾನು ಕೊನೆಯವರೆಗೂ ಕೂತು ಕೇಳಿದೆ.

ಕಾರ್ಯಕ್ರಮ ನಿಂತು ಈಗ ಕೆಲವು ವರ್ಷವಾಯಿತು. ವಾಟ್ಸಾಪ್ ಗುಂಪುಗಳಲ್ಲಿ ಅದಕ್ಕಿಂತ ಜೋರು ಜಗಳ ನಡೆಯುತ್ತದೆ; ಎದುರಾಳಿಯ ಮನೆ ಮುಂದಿನ ಚರಂಡಿ ಯಾರಿಗೂ ನೆನಪಿರುವುದಿಲ್ಲ. ಮನೆಯಲ್ಲಿ ಹಾಲಿಟ್ಟರೆ ನಾನು ಇಂದಿಗೂ ಒಲೆ ಬಿಟ್ಟು ಕದಲುವುದಿಲ್ಲ. ಆದರೆ ಅಜ್ಜಿಯನ್ನು ನೋಡಿ ಬಂದ ಆ ಭಾನುವಾರ ರಾತ್ರಿ ಕನಸಿನಲ್ಲಿ ಕೆಂಡದ ಪೆಟ್ಟಿಗೆಯೂ ಬರಲಿಲ್ಲ, ಯಾರ ಕೆಮ್ಮೂ ಕೇಳಿಸಲಿಲ್ಲ. ಸೋಮವಾರ ನಾನು ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಹಾಸಿಗೆ ತನಕ ಬಂದಿತ್ತು.