ನೊವಾಕ್ ಆಂಟಿಯ ನಾಲ್ಕನೇ ತಟ್ಟೆ

ಬೀಟ್‌ರೂಟ್ ಬೇಯುವ ವಾಸನೆ ಬಂದರೆ ಸಾಕು, ಅಮೆರಿಕದ ಡೆಟ್ರಾಯ್ಟ್ ಬಳಿಯ ಡಿಯರ್‌ಬಾರ್ನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನೊವಾಕ್ ಆಂಟಿ ಕಣ್ಣೆದುರು ಬಂದು ನಿಲ್ಲುತ್ತಾರೆ. ಕಳೆದುಹೋದ ಅಂಥದೊಂದು ಅಡುಗೆಮನೆ ನಿಮಗೂ ಇದ್ದೀತು. ರಿಸೆಷನ್ ಕಾಲ ಅದು. ಕಾರಿನ ಬಿಡಿಭಾಗ ಮಾಡುವ ಕಂಪನಿ ವರ್ಷದ ಕೊನೆಗೆ ಅಪ್ಪನನ್ನು ಕೆಲಸದಿಂದ ತೆಗೆಯುವುದೆಂದು ಗೊತ್ತಾಗಿತ್ತು. ಅಷ್ಟರೊಳಗೆ ಬೇರೆ ಕೆಲಸ ಸಿಗದಿದ್ದರೆ ವೀಸಾ ಇಲ್ಲ, ಗಂಟುಮೂಟೆ ಕಟ್ಟಬೇಕು. ಕ್ರಿಸ್‌ಮಸ್‌ನ ಹಿಂದಿನ ದಿನ ಅಪ್ಪ ಶಿಕಾಗೋ ಬಳಿಯ ಎಲ್ಕ್ ಗ್ರೋವ್ ವಿಲೇಜ್‌ನಲ್ಲಿ ಇಂಟರ್‌ವ್ಯೂಗೆ ಹೋಗಿದ್ದರು. ಹಿಮ ಬೀಳುತ್ತಿದೆ, ನಾಳೆ ಬರುತ್ತೇನೆ ಎಂದು ಫೋನ್ ಮಾಡಿದ್ದರು. ಅಮ್ಮನ ಮುಖ ನೋಡಲಾರದೆ ಆಂಟಿ ನಮ್ಮಿಬ್ಬರನ್ನೂ ಊಟಕ್ಕೆ ಕರೆದರು. ಗಂಡ ಹೋದ ಮೇಲೆ ಅವರೂ ಒಂಟಿ.

ಆಂಟಿ ಪೋಲೆಂಡ್ ಮೂಲದವರು, ಆ ಸಂಜೆ ಅವರಲ್ಲಿ ಮಾಂಸ ತಿನ್ನುವಂತಿಲ್ಲ. ಬೀಟ್‌ರೂಟಿನ ಕೆಂಪು ಸಾರು, ಅಣಬೆ ತುಂಬಿದ ಕಡುಬು. ಮೀನನ್ನು ನಮ್ಮಿಂದ ದೂರ ಸರಿಸಿದ್ದರು. ಕೂತವರು ಮೂವರು, ತಟ್ಟೆ ಮಾತ್ರ ನಾಲ್ಕು. "ತೀರ್ಕೊಂಡ ಅಂಕಲ್‌ಗೆ ಇಟ್ಟಿರೋ ಎಡೆ ಕಣೇ, ಮುಟ್ಬೇಡ," ಎಂದು ಅಮ್ಮ ಪಿಸುಗುಟ್ಟಿ, ಆ ಖಾಲಿ ತಟ್ಟೆಗೆ ಭಕ್ತಿಯಿಂದ ಕೈಮುಗಿದೇಬಿಟ್ಟಳು!

ಅಷ್ಟರಲ್ಲಿ ಬೆಲ್ ಆಯಿತು. ನಮ್ಮ ಮನೆಗೆ ಬೀಗ ಕಂಡು, ಇಲ್ಲಿ ದೀಪ ನೋಡಿ ಬಂದ ಅಪ್ಪ, ಕೋಟಿನ ತುಂಬ ಹಿಮ. ಆಂಟಿ ಅವರನ್ನು ಎಳೆದು ಅದೇ ತಟ್ಟೆಯ ಮುಂದೆ ಕೂರಿಸಿದರು.

"ಅಯ್ಯೋ, ಏಳ್ರೀ! ಅದು ಹೋದೋರ ಜಾಗ!" ಅಮ್ಮ ಚೀರಿದಳು.

ಅಮ್ಮ ಅಂದದ್ದನ್ನು ನಾನು ಆಂಟಿಗೆ ಇಂಗ್ಲಿಷಿನಲ್ಲಿ ತಿಳಿಸಿದೆ. ಆಂಟಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸತ್ತವರಿಗಲ್ಲಮ್ಮ, ಹೇಳದೆ ಬಂದವರಿಗೆ. ನಮ್ಮ ಹೆಸರೂ ಅಂಥದ್ದೇ. ಊರಿಗೆ ಹೊಸದಾಗಿ ಬಂದವನನ್ನ ನೊವಾಕ್ ಅಂತಿದ್ದರು. ಯಾವ ಊರಿಗೆ ಹೊಸಬ ಬಂದಿಲ್ಲ ಹೇಳು? ಅದಕ್ಕೇ ಪೋಲೆಂಡ್ ತುಂಬ ನೊವಾಕರು, ಡೆಟ್ರಾಯ್ಟ್, ಶಿಕಾಗೋ ತುಂಬ ನೊವಾಕರು. ಒಬ್ಬರಿಗೊಬ್ಬರು ನೆಂಟರೇನಲ್ಲ."

ಅಪ್ಪ ಸ್ಪೂನ್ ಕೆಳಗಿಟ್ಟರು. "ಕೆಲಸ ಸಿಕ್ತು ಕಣೇ. ಫೋನಲ್ಲಿ ಹೇಳೋಕೆ ಮನಸ್ಸಾಗ್ಲಿಲ್ಲ, ಡ್ರೈವ್ ಮಾಡ್ಕೊಂಡು ಬಂದ್ಬಿಟ್ಟೆ."

"ಅದನ್ನ ಮೊದಲು ಹೇಳ್ಬಾರ್ದೇನ್ರೀ!" ಬೈಯುತ್ತ ಬೈಯುತ್ತಲೇ ಅಮ್ಮ ಅತ್ತಳು. ನಾನು ತಟ್ಟೆಯಲ್ಲಿದ್ದ ಅಷ್ಟೂ ಕಡುಬು ತಿಂದೆ.

ಅಪ್ಪನ ಹೊಸ ಕೆಲಸಕ್ಕಾಗಿ ನಾವು ಶಿಕಾಗೋ ಬಳಿಯ ವೆಸ್ಟ್‌ಮಂಟ್‌ಗೆ ಬಂದೆವು. ಅಲ್ಲಿ ಬೀದಿ ಕೊನೆಯ ಮನೆಯ ಅಂಚೆಪೆಟ್ಟಿಗೆಯ ಮೇಲೆ ನೊವಾಕ್ ಎಂದಿತ್ತು. ಅಮ್ಮ ತಡೆಯಲಾರದೆ ಕೋಸಂಬರಿ ಹಿಡಿದು ಹೋದಳು. ವಾಪಸಾಗಿ, "ನಮ್ಮ ಆಂಟಿ ಯಾರಂತ್ಲೂ ಅವರಿಗೆ ಗೊತ್ತಿಲ್ವಂತೆ. ಇರ್ಲಿ, ಯುಗಾದಿಗೆ ಕರೆದು ಬಂದೆ," ಎಂದಳು.

ಆಂಟಿ ಈಗಿಲ್ಲ. ಮೊನ್ನೆ ಡಿಯರ್‌ಬಾರ್ನ್‌ನ ಗೆಳತಿ ಫೋನ್ ಮಾಡಿದ್ದಳು. ಆಂಟಿಯ ಮನೆಗೆ ಯಾರೋ ಹೊಸಬರು ಬಂದಿದ್ದಾರಂತೆ.