ಅತ್ತೆ ಕೇಳಿದ ಮಾತು

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಯಲಹಂಕದಲ್ಲಿ ವಾಂತಿಭೇದಿ ಹಬ್ಬಿತು. ನಾವಾಗ ಹಳೇ ಊರಿನ ಅಂಚಿನಲ್ಲಿ ಬಾಡಿಗೆಗಿದ್ದೆವು. ಗಂಡ ಕಾರ್ಖಾನೆಗೆ, ನಾನು ಕಾಲೇಜಿನ ಆಫೀಸಿಗೆ ಹೋಗುತ್ತಿದ್ದೆವು. ಮಾವ ತೀರಿಕೊಂಡ ಮೇಲೆ ಅತ್ತೆ ವಿಜಾಪುರದ ಕಡೆಯಿಂದ ಬಂದು ನಮ್ಮ ಜೊತೆಗೇ ಇದ್ದರು.

ಇಡೀ ಬೀದಿಯಲ್ಲಿ ಅವರಿಗೆ ಗೆಳತಿಯೆಂದರೆ ಎದುರು ಮನೆಯ ಅಜ್ಜಿ ಒಬ್ಬರೇ. ಹೊಲ, ಎಮ್ಮೆ, ಹಿತ್ತಿಲಲ್ಲಿ ಬಾವಿ ಇದ್ದ ಒಕ್ಕಲು ಮನೆ ಅದು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿರಲಿಲ್ಲ. ಆದರೂ ಮಧ್ಯಾಹ್ನವೆಲ್ಲ ಆ ಮನೆಯ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿರುತ್ತಿದ್ದರು.

ಆರೋಗ್ಯ ಇಲಾಖೆಯವರು ಬಂದು, ನೀರು ಕುದಿಸಿ ಕುಡಿಯಿರಿ, ಸೂಜಿ ಹಾಕಿಸಿಕೊಳ್ಳಿ ಎಂದು ಹೇಳಿ ಹೋದರು. ನಾನು ಬೆಳಗ್ಗೆಯೇ ಕಾಯಿಸಿ ಆರಿಸಿಟ್ಟು ಹೋದ ನೀರು ಸಂಜೆ ಬಂದು ನೋಡಿದರೆ ಇಟ್ಟ ಹಾಗೇ ಇರುತ್ತಿತ್ತು.

“ಕಾಸಿದ ನೀರಿನ್ಯಾಗ ಜೀವ ಇರಂಗಿಲ್ಲಂತ, ಆಕಿ ಹೇಳ್ಯಾಳ,” ಎಂದರು ಅತ್ತೆ. ಗೆಳತಿಯ ಬಾವಿ ನೀರನ್ನೇ ಕುಡಿಯುತ್ತಿದ್ದರಂತೆ. ಗಂಡ ರೋಗಾಣುವಿನ ವಿಷಯ ಬಿಡಿಸಿ ಹೇಳಿದರು. “ಅವರು ಹುಟ್ಟಿದಾಗಿಂದ ಅದ ನೀರು ಕುಡದಾರ. ಏನಾಗೇತಿ ಅವರಿಗೆ?” ಎಂದು ಅತ್ತೆ ಅಲ್ಲಿಗೆ ಮಾತು ಮುಗಿಸಿದರು.

ಅದೇ ವಾರ ಆ ಅಜ್ಜಿಯ ಗಂಡನಿಗೆ ಭೇದಿ ಹತ್ತಿತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಗುಳಿ ಬಿದ್ದಿತ್ತು. ಪೇಟೆಯ ಆಸ್ಪತ್ರೆಗೆ ಕರೆದೊಯ್ದರು; ಅಜ್ಜಿಯೂ ಜೊತೆಗೆ ಹೋದರು. ಅತ್ತೆ ಸರಿಯಾಗಿ ಊಟ ಮಾಡದೆ, ಬೀದಿಯನ್ನೇ ನೋಡುತ್ತ ಬಾಗಿಲಲ್ಲಿ ಕೂತರು.

ಅಜ್ಜಿ ವಾಪಸಾದವರು ತಮ್ಮ ಮನೆಗೂ ಹೋಗದೆ ನೇರ ನಮ್ಮಲ್ಲಿಗೆ ಬಂದರು.

“ಯಜಮಾನ್ರು ಹೆಂಗದಾರ?” ಎಂದು ಅತ್ತೆ ಎದ್ದು ನಿಂತರು.

“ಉಳ್ಕೊಂಡ್ರು ಕಣಕ್ಕ. ನಮ್ ಬಾವಿ ನೀರು ಮುಟ್ಬೇಡ ಇನ್ಮೇಲೆ. ಕುದಿಸ್ಕೊಂಡೇ ಕುಡೀಬೇಕಂತೆ. ಇಂಗಾಯ್ತದೆ ಅಂತ ಗೊತ್ತಿಲ್ದೆ ನಿಂಗೂ ಕುಡಿಸ್ಬಿಟ್ನಲ್ಲ!” ಎಂದು ಅಜ್ಜಿ ಅತ್ತುಬಿಟ್ಟರು.

ನಾವು ಹೇಳಿದ್ದಕ್ಕಿಂತ ಹೊಸದೇನನ್ನೂ ಅವರು ಹೇಳಿರಲಿಲ್ಲ. ನನಗೆ ಆಗ ಸ್ವಲ್ಪ ಬೇಜಾರೇ ಆಯಿತು. ಮರುದಿನ ಇಬ್ಬರೂ ಕೈ ಹಿಡಿದುಕೊಂಡು ಹೋಗಿ ಸೂಜಿ ಹಾಕಿಸಿಕೊಂಡು ಬಂದರು. ಆ ಸೂಜಿಯಿಂದ ಅತ್ತೆಗೆ ಜ್ವರ ಬಂದಾಗ ಗಂಜಿ ಕಾಸಿ ತಂದವರೂ ಆ ಅಜ್ಜಿಯೇ. ಆಮೇಲೆ ಅತ್ತೆ ಎಷ್ಟು ಕಟ್ಟುನಿಟ್ಟಾದರೆಂದರೆ, ಕೈ ತೊಳೆಯದೆ ತಟ್ಟೆ ಮುಟ್ಟಿದರೆ ನನ್ನ ಗಂಡನನ್ನೂ ಊಟದಿಂದ ಎಬ್ಬಿಸಿ ಕಳಿಸುತ್ತಿದ್ದರು.

ಮಳೆಗಾಲದ ಹೊತ್ತಿಗೆ ಕಾಯಿಲೆ ಇಳಿಯಿತು. ಸೀಮೆಎಣ್ಣೆ ಸಾಲದೆ ನಾನು ನೀರು ಕಾಯಿಸುವುದನ್ನು ಬಿಟ್ಟೆ. ಅವರಿಬ್ಬರು ಬಿಡಲಿಲ್ಲ. ಎದುರು ಮನೆಯ ಸೌದೆ ಒಲೆಯ ಮೇಲೆ ಇಬ್ಬರ ಪಾಲಿನ ನೀರೂ ಒಂದೇ ಪಾತ್ರೆಯಲ್ಲಿ ಕುದಿಯುತ್ತಿತ್ತು.